ಕೊಕ್ಕೆ ಮೊದಲು ನೀರು ಮುಟ್ಟಲಿ, ಆಮೇಲೆ ಕೈ

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ವಿಜಯಪುರ ಜಿಲ್ಲೆಯ ಇಂಡಿ ಕಡೆ. ಹನ್ನೆರಡು ವರ್ಷದಿಂದ ಪುಣೆಯ ಭೋಸರಿಯಲ್ಲಿ ಪೆಂಡಾಲ್ ಮತ್ತು ನೀರಿನ ಟ್ಯಾಂಕರ್ ಕೆಲಸ ಮಾಡಿಕೊಂಡಿದ್ದೇವೆ. ಮೂರು ದಿನದ ಹಿಂದೆ ಇದೇ ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನ ಒಂದು ಶಾಲೆಯ ಮೈದಾನದಲ್ಲಿ ತಾತ್ಕಾಲಿಕ ಹೆಲಿಪ್ಯಾಡ್ ಮಾಡಿಕೊಟ್ಟೆವು. ಬೆಳಿಗ್ಗೆ ಎಂಟಕ್ಕೇ ನೀರು ಹೊಡೆದಿದ್ದೆವು, ಹೆಲಿಕಾಪ್ಟರ್ ಬಂದದ್ದು ಹನ್ನೊಂದೂವರೆಗೆ. ಎದ್ದ ಧೂಳಿನಲ್ಲಿ ಎದುರಿಗಿದ್ದವರು ಕಾಣಲಿಲ್ಲ. ಪೈಲಟ್ ಇಳಿಸಲಾಗದೆ ಮೇಲೆದ್ದು ಹೋಗಿ, ಒಂದು ಸುತ್ತು ಹಾಕಿ ಬಂದು ಇಳಿಸಿದರು. ಎಚ್ ಗುರುತಿಗೆ ಹಾಕಿದ್ದ ಸುಣ್ಣದ ಪುಡಿ ನಮ್ಮ ಮಾವನ ಮಗನ ಕಣ್ಣಿಗೆ ಹೊಕ್ಕು ಇನ್ನೂ ಉರಿಯುತ್ತಿದೆ. ಆಮೇಲೆ ಬ್ಯಾರಲ್‌ನಿಂದ ಎಣ್ಣೆ ತುಂಬಿಸುವಾಗ ನಮ್ಮ ಹುಡುಗ ಸಹಾಯಕ್ಕೆಂದು ಪ್ಲಾಸ್ಟಿಕ್ ಲಾಳಿಕೆ ತಂದುಕೊಟ್ಟರೆ ಅವರ ಇಂಜಿನಿಯರ್ ಕೂಗಾಡಿ ದೂರ ಕಳಿಸಿದರು. ಇನ್ನೊಂದು ವಿಷಯ. ನನ್ನ ತಮ್ಮ ಗೋವಾದ ವಾಸ್ಕೋದಲ್ಲಿ ಖಾರಿವಾಡೊ ಜೆಟ್ಟಿಯ ಟ್ರಾಲರ್ ಮೇಲೆ ಕೆಲಸಕ್ಕಿದ್ದಾನೆ. ಹೆಲಿಕಾಪ್ಟರ್‌ನಿಂದ ಇಳಿಸುವ ಕೊಕ್ಕೆ ನೀರು ಮುಟ್ಟುವ ತನಕ ಕೈ ಹಾಕಬಾರದು, ಶಾಕ್ ಹೊಡೆಯುತ್ತದೆ ಎಂದು ಕೋಸ್ಟ್ ಗಾರ್ಡ್‌ನವರು ತರಬೇತಿಯಲ್ಲಿ ಹೇಳಿದರಂತೆ. ಅವನು ನಂಬುವುದಿಲ್ಲ. ಆಕಾಶದಲ್ಲಿರುವ ಯಂತ್ರದ ಹಗ್ಗಕ್ಕೆ ಕರೆಂಟ್ ಎಲ್ಲಿಂದ ಬರಬೇಕು? ಬ್ಯಾಟರಿಯಿಂದಲೇ? ಆ ಧೂಳಿಗೂ ಈ ಶಾಕಿಗೂ ಏನಾದರೂ ಸಂಬಂಧ ಇದೆಯೇ?
— ಒಬ್ಬ ಓದುಗ, ಭೋಸರಿ

ಉತ್ತರ: ಮೊದಲು ನಿಮ್ಮ ಮಾವನ ಮಗನ ಕಣ್ಣು, ಉಳಿದದ್ದೆಲ್ಲ ಆಮೇಲೆ. ಸುಣ್ಣ ಕ್ಷಾರ. ಕಣ್ಣಿನ ತೇವದಲ್ಲಿ ಕರಗಿ ಒಳಗೊಳಗೇ ಸುಡುತ್ತ ಹೋಗುತ್ತದೆ. ಹೊರಗೆ ಬರೀ ಕೆಂಪಾಗಿ ಕಂಡರೂ ಒಳಗಿನ ಪದರಕ್ಕೆ ಪೆಟ್ಟಾಗಿರಬಹುದು. ಮೂರು ದಿನವಾದರೂ ಉರಿ ನಿಂತಿಲ್ಲ ಎಂದರೆ ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಕಣ್ಣಿಗೆ ಬಿದ್ದದ್ದು ಸುಣ್ಣ ಎಂದು ಬಾಯಿಬಿಟ್ಟು ಹೇಳಿ. ರೆಪ್ಪೆಯ ಮಡಿಕೆಯೊಳಗೆ ಸುಣ್ಣದ ಹರಳು ಕೂತಿದ್ದರೆ ರೆಪ್ಪೆಯನ್ನು ಮಗುಚಿ ತೆಗೆಯಬೇಕಾಗುತ್ತದೆ, ಅದು ಮನೆಯಲ್ಲಿ ಆಗುವ ಕೆಲಸವಲ್ಲ. ಇನ್ನು ಮುಂದೆ ಯಾರಿಗಾದರೂ ಹೀಗಾದರೆ ಉಜ್ಜಲು ಬಿಡಬೇಡಿ. ಆ ಕ್ಷಣದಲ್ಲೇ ಮಲಗಿಸಿ, ಕುಡಿಯುವ ನೀರನ್ನು ಧಾರೆಯಾಗಿ ಹದಿನೈದು ಇಪ್ಪತ್ತು ನಿಮಿಷ ಕಣ್ಣಿಗೆ ಬಿಡುತ್ತಲೇ ಇರಿ. ಆಸ್ಪತ್ರೆಗೆ ಹೊರಡುವುದು ಅದಾದ ಮೇಲೆ.

ಈಗ ನಿಮ್ಮ ತಮ್ಮನ ವಿಷಯ. ಅವರಿಗೆ ತರಬೇತಿಯಲ್ಲಿ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಕಾರವಾರದವನು, ನೆಲೆಸಿದ್ದು ವಾಸ್ಕೋದಲ್ಲಿ. ಹೆಲಿಕಾಪ್ಟರ್‌ಗಳ ನೆಲದ ಕೆಲಸದಲ್ಲಿ ಇಪ್ಪತ್ತಾರು ವರ್ಷ ಕಳೆದಿದ್ದೇನೆ, ಅದರಲ್ಲಿ ಬಹುಪಾಲು ನೀರಿನ ಮೇಲೆ. ಆ ಕೊಕ್ಕೆಯಿಂದ ಹಾರುವ ಕಿಡಿಯನ್ನು ಒಂದು ಮೊಳ ದೂರದಿಂದ ನೋಡಿದ್ದೇನೆ. ಅವನು ನಂಬಬೇಕು ಎಂಬ ಆಸೆಯಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕರೆಂಟ್ ಬರುವುದು ಬ್ಯಾಟರಿಯಿಂದ ಅಲ್ಲ, ಗಾಳಿಯಿಂದ. ಪುಣೆಯ ಜನವರಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಕಬ್ಬಿಣದ ಚಿಲಕ ಮುಟ್ಟಿದಾಗ ಬೆರಳಿಗೆ ಚಟ್ ಎಂದು ಹೊಡೆದದ್ದು ನಿಮಗೂ ಗೊತ್ತಿರುತ್ತದೆ. ಎರಡು ಬೇರೆ ಬೇರೆ ವಸ್ತುಗಳು ತಾಗಿ ಬಿಡಿಸಿಕೊಂಡಾಗ ಒಂದರ ಎಲೆಕ್ಟ್ರಾನ್‌ಗಳು ಇನ್ನೊಂದಕ್ಕೆ ಅಂಟಿಕೊಂಡು ಹೋಗುತ್ತವೆ. ಅದೇ ಸ್ಥಿರ ವಿದ್ಯುತ್, ನಾವು ಕೆಲಸದಲ್ಲಿ ಸ್ಟ್ಯಾಟಿಕ್ ಎನ್ನುವುದು. ಹೆಲಿಕಾಪ್ಟರಿನ ರೆಕ್ಕೆಯ ತುದಿ ಸೆಕೆಂಡಿಗೆ 200 ಮೀಟರಿಗೂ ಹೆಚ್ಚು ವೇಗದಲ್ಲಿ ತಿರುಗುತ್ತದೆ, ಅಂದರೆ ಗಂಟೆಗೆ 700 ಕಿಲೋಮೀಟರ್ ಮೀರಿ. ದಾರಿಯಲ್ಲಿ ಸಿಗುವ ಒಂದೊಂದು ಧೂಳಿನ ಕಣ, ಮಳೆಹನಿ, ಉಪ್ಪುನೀರಿನ ತುಂತುರು ಆ ರೆಕ್ಕೆಗೆ ಬಡಿದು, ಸ್ವಲ್ಪ ಚಾರ್ಜ್ ಬಿಟ್ಟು, ಮುಂದಕ್ಕೆ ಹೋಗುತ್ತದೆ. ಇಂಜಿನ್ನಿನ ಹೊಗೆಯೂ ಹೊರಹೋಗುವಾಗ ಚಾರ್ಜ್ ಹೊತ್ತೊಯ್ದು ಅದಕ್ಕೆ ವಿರುದ್ಧವಾದದ್ದನ್ನು ಯಂತ್ರದ ಮೈಮೇಲೆ ಉಳಿಸುತ್ತದೆ. ನೆಲದ ಮೇಲೆ ನಿಂತಿದ್ದರೆ ಇದೆಲ್ಲ ಮಣ್ಣಿಗೆ ಇಳಿದುಹೋಗುತ್ತಿತ್ತು. ವಿಮಾನದ ಟೈರಿನ ರಬ್ಬರಿನಲ್ಲಿ ಇಂಗಾಲ ಬೆರೆತಿರುವುದರಿಂದ ಅದರ ಮೂಲಕವೂ ಮೆಲ್ಲಗೆ ಇಳಿಯುತ್ತದೆ. ಆದರೆ ಗಾಳಿಯಲ್ಲಿ ತೂಗುತ್ತ ನಿಂತ ಯಂತ್ರದಿಂದ ಇಳಿಯಲು ದಾರಿ ಎಲ್ಲಿದೆ? ಸೇರುತ್ತಲೇ ಹೋಗುತ್ತದೆ. ಮೈಮೇಲೆ ಹತ್ತಾರು ಸಾವಿರ ವೋಲ್ಟ್ ಏರುವುದು ಸಾಮಾನ್ಯ. ದೊಡ್ಡ ಹೆಲಿಕಾಪ್ಟರ್ ಒಣ ಧೂಳಿನಲ್ಲೋ ಹಿಮದಲ್ಲೋ ತೂಗಿದರೆ ಲಕ್ಷ ವೋಲ್ಟನ್ನೂ ದಾಟುತ್ತದೆ.

ಲಕ್ಷ ವೋಲ್ಟ್ ಎಂದ ಕೂಡಲೇ ಹೈಟೆನ್ಶನ್ ತಂತಿ ಕಣ್ಣಮುಂದೆ ಬರುತ್ತದೆ, ಹಾಗಾದರೆ ಮುಟ್ಟಿದವರೆಲ್ಲ ಸತ್ತೇಹೋಗಬೇಕಲ್ಲ ಎನ್ನಿಸುತ್ತದೆ. ನಿಮ್ಮ ಟ್ಯಾಂಕರಿನ ಭಾಷೆಯಲ್ಲಿ ಹೇಳುತ್ತೇನೆ. ವೋಲ್ಟ್ ಎಂದರೆ ನೀರು ಎಷ್ಟು ಎತ್ತರದಲ್ಲಿದೆ ಎಂಬುದು, ಎಷ್ಟು ನೀರು ಇದೆ ಎಂಬುದಲ್ಲ. ಹೈಟೆನ್ಶನ್ ತಂತಿ ಎತ್ತರದಿಂದ ಬೀಳುವ ಹೊಳೆ, ಅದಕ್ಕೆ ಕೊನೆಯಿಲ್ಲ. ಹೆಲಿಕಾಪ್ಟರ್ ಮೈಮೇಲಿನದು ಹತ್ತಂತಸ್ತಿನ ಮಹಡಿಯಿಂದ ಸುರಿದ ಒಂದು ಕೊಡ ನೀರು. ಮೈಮೇಲೆ ಬಿದ್ದರೆ ಬೀಳಿಸುತ್ತದೆ, ಆದರೆ ಒಂದೇ ಸಲ. ಲೆಕ್ಕ ಬೇಕಾದರೆ: ತೂಗುತ್ತಿರುವ ಮಧ್ಯಮ ಗಾತ್ರದ ಹೆಲಿಕಾಪ್ಟರಿನ ಚಾರ್ಜ್ ಹಿಡಿಯುವ ಸಾಮರ್ಥ್ಯವನ್ನು ಸುಮಾರು 500 ಪಿಕೋಫ್ಯಾರಡ್ ಎಂದುಕೊಳ್ಳಿ. 50,000 ವೋಲ್ಟ್ ಏರಿದಾಗ ಅದರಲ್ಲಿರುವ ಶಕ್ತಿ 0.6 ಜೂಲ್ ಆಗುತ್ತದೆ. ಚಿಲಕ ಮುಟ್ಟಿದಾಗ ನಿಮ್ಮ ಬೆರಳಿಗೆ ಜೋರಾಗಿ ಹೊಡೆಯುವ ಕಿಡಿಯಲ್ಲಿ ಅದರ ಎಂಬತ್ತನೇ ಒಂದು ಪಾಲು ಇದ್ದರೆ ಹೆಚ್ಚು. ಅಂಥ ಎಂಬತ್ತು ಏಟು ಒಂದೇ ಬೆರಳಿಗೆ, ಒಂದೇ ಕ್ಷಣದಲ್ಲಿ.

ಈ ಏಟು ಸಾಮಾನ್ಯವಾಗಿ ಗುಂಡಿಗೆ ನಿಲ್ಲಿಸುವುದಿಲ್ಲ. ಆದರೆ ನಿಮ್ಮ ತಮ್ಮ ನಿಂತಿರುವುದು ಎಲ್ಲಿ? ಮೀನಿನ ಲೋಳೆ ಮೆತ್ತಿದ, ಅಲೆಗೆ ಓಲಾಡುವ ಹಲಗೆಯ ಮೇಲೆ. ಬಹಳ ವರ್ಷಗಳ ಹಿಂದೆ, ದಡ ಕಾಣದಷ್ಟು ದೂರದಲ್ಲಿ, ಒಂದು ಹಡಗಿನ ಮೇಲೆ ನಮ್ಮ ಜೊತೆಗಿದ್ದ ಹುಡುಗನೊಬ್ಬ ತೂಗಾಡುತ್ತಿದ್ದ ಕೊಕ್ಕೆ ಕೈತಪ್ಪೀತು ಎಂದು ಎರಡು ಹೆಜ್ಜೆ ಮುಂದೆ ಹಾರಿ ಹಿಡಿಯಲು ಹೋದ. ಕೊಕ್ಕೆಯ ಚಾರ್ಜನ್ನು ಹಡಗಿನ ಮೈಗೆ ಇಳಿಸುವ ಅರ್ಥಿಂಗ್ ಕೋಲು ನನ್ನ ಕೈಯಲ್ಲಿತ್ತು, ಇನ್ನೂ ಕೊಕ್ಕೆಗೆ ತಾಗಿಸಿರಲಿಲ್ಲ. ಅವನ ಬೆರಳು ಕೊಕ್ಕೆಯಿಂದ ಎರಡು ಬೆರಳಗಲ ದೂರ ಇದ್ದಾಗಲೇ ನೀಲಿ ಗೆರೆಯೊಂದು ಎಳೆದಂತಾಯಿತು, ಒಣ ಕಡ್ಡಿ ಮುರಿದ ಹಾಗೆ ಸದ್ದು. ರೋಟರ್ (ತಿರುಗುವ ರೆಕ್ಕೆ) ಗದ್ದಲದಲ್ಲೂ ಆ ಸದ್ದು ಕೇಳಿಸಿತು. ಅವನ ತೋಳು ಅವನಿಗೆ ಕೇಳದೆಯೇ ಹಿಂದಕ್ಕೆ ಸೆಳೆದುಕೊಂಡಿತು, ಮೈ ಹಿಂದಕ್ಕೆ ಬಿತ್ತು, ಹಗ್ಗ ಕಟ್ಟುವ ಕಬ್ಬಿಣದ ಗೂಟಕ್ಕೆ ಭುಜ ಬಡಿಯಿತು. ಬೆರಳಿನ ಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ, ಅಷ್ಟೇ. ಆದರೆ ಭುಜದ ಮೂಳೆ ಕೂಡಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಬಿದ್ದದ್ದು ಹಡಗಿನ ಒಳಭಾಗಕ್ಕೆ. ಅವನು ಕಟಕಟೆಯ ಕಡೆ ನಿಂತಿದ್ದರೆ ಎಂದು ಇವತ್ತಿಗೂ ನನಗೆ ಯೋಚನೆ ಬರುತ್ತದೆ.

ಆ ದಿನ ಕಲಿತ ಇನ್ನೊಂದು ವಿಷಯ ನಿಮ್ಮ ತಮ್ಮನಿಗೆ ಬಿಡಿಸಿ ಹೇಳಿ. ಕೊಕ್ಕೆ ಒಂದು ಸಲ ನೀರು ಮುಟ್ಟಿ ಮೇಲೆದ್ದರೆ ಕೆಲಸ ಮುಗಿಯಿತು ಎಂದಲ್ಲ. ರೆಕ್ಕೆ ತಿರುಗುತ್ತಲೇ ಇದೆ, ಚಾರ್ಜ್ ಸೇರುತ್ತಲೇ ಇದೆ. ಸೇರುವ ಪ್ರವಾಹ ಬರೀ 10 ಮೈಕ್ರೋ ಆಂಪಿಯರ್ ಎಂದುಕೊಂಡರೂ, ಮೇಲಿನ ಲೆಕ್ಕದಲ್ಲಿ ಒಂದೇ ಸೆಕೆಂಡಿನಲ್ಲಿ 20,000 ವೋಲ್ಟ್ ಮತ್ತೆ ಏರುತ್ತದೆ. ಅಲೆಯ ಮೇಲೆ ದೋಣಿ ಇಳಿದು ಕೊಕ್ಕೆ ನೀರಿನಿಂದ ಬಿಟ್ಟು ಗಾಳಿಗೆ ಬಂತೋ, ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮತ್ತೆ ಹೊಡೆಯುವ ಕೊಕ್ಕೆಯೇ. ಹಾಗಾಗಿ ಕೊಕ್ಕೆ ನೀರಲ್ಲೋ ದೋಣಿಯ ಕಬ್ಬಿಣದ ಮೇಲೋ ತಾಗಿಕೊಂಡೇ ಇರುವಾಗ ಹಿಡಿಯಬೇಕು. ಒಮ್ಮೆ ಗಟ್ಟಿಯಾಗಿ ಹಿಡಿದ ಮೇಲೆ ಬಿಟ್ಟು ಬಿಟ್ಟು ಮುಟ್ಟಬಾರದು. ಮರದ ಹಲಗೆ ಅಥವಾ ಫೈಬರ್ ದೋಣಿಯ ಮೇಲೆ ಬಿದ್ದರೆ ಅದನ್ನು ನೆಲ ಮುಟ್ಟಿದಂತೆ ಎಣಿಸಬೇಡಿ, ನೀರೇ ಮುಟ್ಟಲಿ. ಹಡಗುಗಳಲ್ಲಿ ನಾವು ಬಳಸುವ ಅರ್ಥಿಂಗ್ ಕೋಲು ಎಂದರೆ ಇಷ್ಟೇ: ಕರೆಂಟ್ ಹಾಯದ ಉದ್ದ ಹಿಡಿಕೆ, ತುದಿಯಲ್ಲಿ ಲೋಹದ ಕೊಂಡಿ, ಕೊಂಡಿಯಿಂದ ಹಡಗಿನ ಲೋಹದ ಮೈಗೆ ಒಂದು ತಂತಿ. ಒಬ್ಬ ಅದನ್ನು ಕೊಕ್ಕೆಗೆ ತಾಗಿಸಿ ಹಿಡಿದೇ ಇರುತ್ತಾನೆ, ಇನ್ನೊಬ್ಬ ಕೆಲಸ ಮಾಡುತ್ತಾನೆ. ಬೆಟ್ಟದ ಮೇಲೆ ಟವರ್ ಸಾಮಾನು ಇಳಿಸುವಾಗಲೂ ಇದೇ ಕ್ರಮ, ಅಲ್ಲಿ ತಂತಿ ಮಣ್ಣಿಗೆ ಹೊಡೆದ ಸಲಾಕೆಗೆ ಹೋಗುತ್ತದೆ.

ಕೊಕ್ಕೆಯನ್ನು ದೋಣಿಗೆ ಕಟ್ಟಲೇಬಾರದು ಎಂಬುದನ್ನೂ ತರಬೇತಿಯಲ್ಲಿ ಹೇಳಿರುತ್ತಾರೆ. ಅದು ಕರೆಂಟಿಗೆ ಸಂಬಂಧಿಸಿದ್ದಲ್ಲ, ಅದಕ್ಕಿಂತ ದೊಡ್ಡದು. ದೋಣಿ ಅಲೆಯಿಂದ ಕೆಳಗಿಳಿದರೆ ಹೆಲಿಕಾಪ್ಟರನ್ನು ತನ್ನೊಡನೆ ಎಳೆಯುತ್ತದೆ. ಆಗ ಮೇಲಿರುವವರು ಹಗ್ಗವನ್ನೇ ಕತ್ತರಿಸಬೇಕಾಗುತ್ತದೆ.

ಸಮುದ್ರದ ಗಾಳಿ ಒದ್ದೆ, ಒದ್ದೆ ಗಾಳಿಯಲ್ಲಿ ಸ್ಟ್ಯಾಟಿಕ್ ನಿಲ್ಲುವುದಿಲ್ಲ ಎಂದು ಸ್ವಲ್ಪ ಓದಿಕೊಂಡವರು ವಾದಿಸುತ್ತಾರೆ. ಅರ್ಧ ಸರಿ. ನಿಮ್ಮ ಪ್ಲಾಸ್ಟಿಕ್ ಕುರ್ಚಿಯ ಮಟ್ಟಿಗೆ ಪೂರ್ತಿ ಸರಿ: ಮುಂಬೈ, ಗೋವಾದಲ್ಲಿ ವರ್ಷವಿಡೀ ತೇವ, ಎಲ್ಲ ವಸ್ತುವಿನ ಮೇಲೂ ಕಾಣದಷ್ಟು ತೆಳುವಾದ ನೀರಿನ ಪೊರೆ ಇರುತ್ತದೆ, ಅದರ ಮೇಲೆ ಚಾರ್ಜ್ ಹರಿದುಹೋಗುತ್ತದೆ. ಆದರೆ ತೂಗುತ್ತಿರುವ ಹೆಲಿಕಾಪ್ಟರಿನ ಸುತ್ತ ನಾಲ್ಕೂ ಕಡೆ ಬರೀ ಗಾಳಿ, ಗಾಳಿ ತೇವವಾದರೂ ಕರೆಂಟ್ ಒಯ್ಯುವ ತಂತಿಯಲ್ಲ. ಜೊತೆಗೆ ತುಂತುರೇ ಚಾರ್ಜ್ ತರುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಮುಂಬೈ ಹೈ ಎಂಬ ಕಡಲ ತೈಲಕ್ಷೇತ್ರದ ಹತ್ತಿರ ಪಿ-305 ಎಂಬ ಬಾರ್ಜ್ ಮುಳುಗಿತಲ್ಲ, ಅಂಥ ಮಳೆಗಾಳಿಯಲ್ಲಿ ಮೇಲೆತ್ತುವ ಕೆಲಸ ಮಾಡುವಾಗ ಕೊಕ್ಕೆಯ ಚಾರ್ಜ್ ಮುಂಬೈಯ ತೇವಕ್ಕೆ ಇಳಿದುಹೋಗಿರುತ್ತದೆ ಎಂದು ನಂಬಿಕೊಂಡರೆ ಮೋಸಹೋಗುತ್ತೇವೆ.

ಇಲ್ಲಿಂದ ನಿಮ್ಮ ಮೈದಾನಕ್ಕೆ ಬರುತ್ತೇನೆ, ಏಕೆಂದರೆ ಧೂಳಿಗೂ ಶಾಕಿಗೂ ಸಂಬಂಧ ಇದೆಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಎರಡಕ್ಕೂ ತಾಯಿ ಒಂದೇ, ರೆಕ್ಕೆ ಕೆಳಕ್ಕೆ ತಳ್ಳುವ ಗಾಳಿ. ಅದು ನೆಲದಿಂದ ಧೂಳೆಬ್ಬಿಸುತ್ತದೆ, ಆ ಧೂಳು ತಿರುಗಿ ರೆಕ್ಕೆಯ ಮೇಲಿಂದ ಒಳಕ್ಕೆ ಸೆಳೆಯಲ್ಪಟ್ಟು ರೆಕ್ಕೆಗೆ ಬಡಿದು ಚಾರ್ಜ್ ಹುಟ್ಟಿಸುತ್ತದೆ. ನೀವು ನೆಲ ನೆನೆಸಿದರೆ ಎರಡನ್ನೂ ಬುಡದಲ್ಲೇ ತಡೆದಂತೆ. ನಿಮ್ಮ ಕೆಲಸ ಪೈಲಟ್ಟಿನ ಕೆಲಸಕ್ಕಿಂತ ಕಡಿಮೆಯದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಆ ಗಾಳಿ ಎಷ್ಟು ಜೋರು? ಹೆಲಿಕಾಪ್ಟರ್ ಮೇಲೆ ನಿಲ್ಲುವುದು ತನ್ನ ತೂಕದಷ್ಟು ಬಲದಿಂದ ಗಾಳಿಯನ್ನು ಕೆಳಕ್ಕೆ ತಳ್ಳಿ. ನಮ್ಮ ಬೆಂಗಳೂರಿನ ಎಚ್‌ಎಎಲ್ ಮಾಡುವ ಧ್ರುವ ಹೆಲಿಕಾಪ್ಟರಿನ ಪೂರ್ಣ ತೂಕ 5,500 ಕಿಲೋ, ರೋಟರಿನ ಅಡ್ಡಳತೆ 13.2 ಮೀಟರ್. ಇದರಿಂದ ಲೆಕ್ಕ ಹಾಕಿದರೆ ಕೆಳಗೆ ಬೀಳುವ ಗಾಳಿಯ ವೇಗ ಗಂಟೆಗೆ 90 ಕಿಲೋಮೀಟರ್ ಆಸುಪಾಸು. ಹಳೆಯ ಚೇತಕ್‌ನದು 70ರ ಸುತ್ತ. ಎಂಐ-17 ಧ್ರುವಕ್ಕಿಂತ ಎರಡು ಪಟ್ಟಿಗೂ ಹೆಚ್ಚು ತೂಕದ್ದಾದರೂ ಅದರ ರೋಟರ್ 21 ಮೀಟರ್ ಅಗಲ, ಹಾಗಾಗಿ ಗಾಳಿಯ ವೇಗ ಹೆಚ್ಚೂಕಡಿಮೆ ಅಷ್ಟೇ. ಆದರೆ ಗಾಳಿಯ ಕಂಬದ ವಿಸ್ತೀರ್ಣ ಎರಡೂವರೆ ಪಟ್ಟು, ಧೂಳೂ ಅಷ್ಟು ಹೆಚ್ಚು. ಯಾವ ಹೆಲಿಕಾಪ್ಟರ್ ಬರುತ್ತದೆ ಎಂದು ನೀವು ಮೊದಲೇ ಕೇಳಿ ತಿಳಿದುಕೊಳ್ಳಬೇಕಾದದ್ದು ಇದಕ್ಕೇ. ಕೆಳಗೆ ಬಿದ್ದ ಗಾಳಿ ನೆಲಕ್ಕೆ ಬಡಿದು ನಾಲ್ಕೂ ಕಡೆ ತೆಳ್ಳಗೆ ಹರಡುತ್ತದೆ, ಆಚೆ ಹೋಗಿ ಸುರುಳಿಯಾಗಿ ಮೇಲೇಳುತ್ತದೆ, ಮತ್ತೆ ರೋಟರಿನ ಬಾಯಿಗೇ ಬೀಳುತ್ತದೆ. ಶಾಲೆಯ ಕಟ್ಟಡ, ಕಾಂಪೌಂಡ್ ಗೋಡೆ ಹತ್ತಿರವಿದ್ದರೆ ಅದಕ್ಕೆ ಬಡಿದು ಇನ್ನೂ ಬೇಗ ತಿರುಗುತ್ತದೆ. ಬೋಗುಣಿಯಲ್ಲಿ ಹಿಟ್ಟಿಟ್ಟು ಊದಿದ ಹಾಗೆ.

ಒಳಗೆ ಕೂತ ಪೈಲಟ್ಟಿಗೆ ಆಗ ಏನಾಗುತ್ತದೆ ಎಂದು ಒಮ್ಮೆ ಊಹಿಸಿ. ಕೊನೆಯ ಹತ್ತು ಹದಿನೈದು ಅಡಿ ಇರುವಾಗ ನೆಲ ಮಾಯವಾಗುತ್ತದೆ. ಕಾಣುವುದು ಧೂಳು ಮಾತ್ರ, ಆ ಧೂಳು ಹರಿಯುತ್ತಿದೆ. ನಿಂತ ರೈಲಿನಲ್ಲಿ ಕೂತು ಪಕ್ಕದ ರೈಲು ಹೊರಟದ್ದನ್ನು ನೋಡಿದಾಗ ನಮ್ಮದೇ ಹೊರಟಿತು ಅನ್ನಿಸುತ್ತದಲ್ಲ, ಹಾಗೆ ಧೂಳು ಎಡಕ್ಕೆ ಹರಿದರೆ ತಾನು ಬಲಕ್ಕೆ ಜಾರುತ್ತಿದ್ದೇನೆ ಎಂದು ಮಿದುಳು ಹೇಳುತ್ತದೆ. ಕೈ ಅದನ್ನು ಸರಿಪಡಿಸಲು ಹೋಗುತ್ತದೆ. ಆಗ ಯಂತ್ರ ನಿಜವಾಗಿಯೂ ಜಾರುತ್ತದೆ, ಜಾರುವ ಚಕ್ರ ಕಲ್ಲಿಗೋ ಗುಂಡಿಗೋ ಸಿಕ್ಕರೆ ಮಗುಚಿ ಬೀಳುತ್ತದೆ. ಇದನ್ನು ಬ್ರೌನ್‌ಔಟ್ ಎನ್ನುತ್ತಾರೆ. ಜಗತ್ತಿನ ಅತ್ಯಂತ ನುರಿತ ಪೈಲಟ್‌ಗಳೂ ಇದಕ್ಕೆ ಸೋತಿದ್ದಾರೆ. 1980ರ ಏಪ್ರಿಲ್ 24ರ ರಾತ್ರಿ, ಇರಾನಿನಲ್ಲಿ ಒತ್ತೆಯಾಳುಗಳನ್ನು ಬಿಡಿಸಿ ತರಲು ಹೋದ ಅಮೆರಿಕದ ಪಡೆ ಮರುಭೂಮಿಯಲ್ಲಿ ಇಳಿದಿತ್ತು. ಕಾರ್ಯಾಚರಣೆ ಕೈಬಿಟ್ಟು ವಾಪಸು ಹೊರಡುವಾಗ ಒಂದು ಹೆಲಿಕಾಪ್ಟರ್ ಧೂಳಿನ ನಡುವೆ ಜಾಗ ಬದಲಿಸಲು ಮೇಲೆದ್ದು, ಪಕ್ಕದಲ್ಲಿ ನಿಂತಿದ್ದ ಇಂಧನ ತುಂಬಿದ ಸಿ-130 ವಿಮಾನದ ಮೇಲೆ ಬಿತ್ತು. ಎಂಟು ಜನ ಸತ್ತರು. ನೆಲದಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದವನು ಧೂಳು ತಾಳದೆ ಹಿಂದೆ ಸರಿದ, ಪೈಲಟ್ ಅವನನ್ನೇ ಸ್ಥಿರ ಗುರುತಾಗಿ ಹಿಡಿದು ಅವನತ್ತ ಸರಿದ ಎಂಬುದು ಆಮೇಲೆ ಬಂದ ವಿವರಣೆ. ನಿಮ್ಮ ಹುಡುಗರಲ್ಲಿ ಯಾರಾದರೂ ಸನ್ನೆ ಮಾಡಲು ನಿಂತರೆ ಬಿಗಿಯಾದ ಕನ್ನಡಕ ಹಾಕಿಕೊಂಡು ನಿಂತ ಜಾಗದಲ್ಲೇ ನಿಲ್ಲಬೇಕು, ತಾಳಲಾಗದಿದ್ದರೆ ಮಂಡಿಯೂರಿ ಕೂರಬೇಕು, ಹಿಂದೆ ನಡೆಯಬಾರದು.

ಹಾಗಾಗಿ ನಿಮ್ಮ ಪೈಲಟ್ ಮೇಲೆದ್ದು ಹೋದದ್ದು ಹೆದರಿಕೆಯಲ್ಲ, ಸರಿಯಾದ ಕೆಲಸ. ಬಯಲಿನಲ್ಲಾದರೆ ಅವರು ತೂಗದೆ, ಸ್ವಲ್ಪ ಮುಂದಕ್ಕೆ ಚಲಿಸುತ್ತಲೇ ಧೂಳನ್ನು ಹಿಂದೆ ಬಿಟ್ಟು ಇಳಿಸುತ್ತಾರೆ. ಶಾಲೆಯ ಮೈದಾನದಲ್ಲಿ ಓಡಲು ಜಾಗವಿಲ್ಲ. ಆಗ ಮೊದಲ ಸಲ ಎತ್ತರದಿಂದಲೇ ಗಾಳಿ ಹಾಯಿಸಿ ಸಡಿಲ ಧೂಳು ಹಾರಿಸಿ, ಎರಡನೇ ಸಲ ಇಳಿಸುವುದುಂಟು. ನಮ್ಮ ಕಡೆಯ ಉದಾಹರಣೆಯೇ ಇದೆ. 2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಬಿ.ಎಸ್. ಯಡಿಯೂರಪ್ಪನವರಿದ್ದ ಹೆಲಿಕಾಪ್ಟರ್ ಇಳಿಯಲು ಬಂದಾಗ ಮೈದಾನದಲ್ಲಿದ್ದ ಪ್ಲಾಸ್ಟಿಕ್ ಹಾಳೆ, ಚೀಲಗಳು ಮೇಲೆದ್ದವು. ಪೈಲಟ್ ಇಳಿಸದೆ ಮೇಲೆ ಹೋದರು, ಜಾಗ ಚೊಕ್ಕ ಮಾಡಿದ ಮೇಲೆ ಇಳಿಸಿದರು. ಆ ವಿಡಿಯೋ ಸಿಕ್ಕರೆ ನಿಮ್ಮ ಹುಡುಗರಿಗೆಲ್ಲ ತೋರಿಸಿ. ಪೆಂಡಾಲಿನ ಬಟ್ಟೆ, ಸ್ವಾಗತಕ್ಕೆ ಹಾಸುವ ಹಸಿರು ಕಾರ್ಪೆಟ್, ಖಾಲಿ ನೀರಿನ ಬಾಟಲಿ, ಹೂವಿನ ಪಕಳೆ ತುಂಬಿದ ಬುಟ್ಟಿ, ಕುರ್ಚಿ ಎಲ್ಲವೂ ಅದೇ ಜಾತಿಗೆ ಸೇರಿದವು. ಮಳೆ ತಗಡಿನ ಶೆಡ್ ಪಕ್ಕದಲ್ಲಿದ್ದರೆ ಅದರ ಮೊಳೆಗಳನ್ನೂ ನೋಡಿ.

ಸುಣ್ಣದ ಪುಡಿ ಮತ್ತೆ ಹಾಕಬೇಡಿ. ಕಬಡ್ಡಿ ಅಂಗಳಕ್ಕೆ ಸರಿ, 90 ಕಿಲೋಮೀಟರ್ ಗಾಳಿಯ ಕೆಳಗೆ ಅಲ್ಲ. ಹಿಂದಿನ ದಿನವೇ ಸುಣ್ಣವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಸ್ವಲ್ಪ ಅಂಟು ಸೇರಿಸಿ, ಗಟ್ಟಿ ನೆಲದ ಮೇಲೆ ಬಳಿದು ಒಣಗಿಸಿ. ನೆಲ ಸಡಿಲವಿದ್ದರೆ ಮುರುಮು ಹಾಕಿ, ನೀರು ಕೊಟ್ಟು, ರೋಲರ್ ಹೊಡೆಸಿ. ಬರೀ ಮುರುಮು ಸುರಿದು ಬಿಟ್ಟರೆ ಅದರ ಸಣ್ಣ ಪುಡಿ ಮೊದಲು ಏಳುತ್ತದೆ, ಮೊದಲಿದ್ದ ನೆಲವೇ ವಾಸಿ ಅನ್ನಿಸಿಬಿಡುತ್ತದೆ.

ರಾತ್ರಿ ಹೊತ್ತು ಧೂಳಿನಲ್ಲಿ ಇಳಿಯುವ ಹೆಲಿಕಾಪ್ಟರಿನ ರೆಕ್ಕೆಯ ಸುತ್ತ ಬೆಳಕಿನ ಬಳೆ ಹೊಳೆಯುವ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿರಬಹುದು. ಅದೇ ಸ್ಟ್ಯಾಟಿಕ್ ಎಂದು ಬಹಳ ಜನ ಹೇಳುತ್ತಾರೆ, ನಾನೂ ಮೊದಲು ಹಾಗೇ ತಿಳಿದಿದ್ದೆ. ಅಲ್ಲ. ರೆಕ್ಕೆಯ ಮುಂದಂಚಿಗೆ ಸವೆಯದಿರಲೆಂದು ಟೈಟೇನಿಯಂ ಅಥವಾ ನಿಕ್ಕಲ್ ಪಟ್ಟಿ ಹೊದಿಸಿರುತ್ತಾರೆ. ಮರಳು ಅದನ್ನು ಕೆರೆದು ಎಬ್ಬಿಸುವ ಲೋಹದ ಚೂರುಗಳು ಗಾಳಿಯಲ್ಲಿ ಉರಿಯುತ್ತವೆ, ಸಾಣೆ ಚಕ್ರಕ್ಕೆ ಕತ್ತಿ ಹಿಡಿದಾಗ ಹಾರುವ ಕಿಡಿಯ ಹಾಗೆ. ಅಫ್ಘಾನಿಸ್ತಾನದಲ್ಲಿ ಈ ಚಿತ್ರ ತೆಗೆದ ಮೈಕಲ್ ಯಾನ್ ಎಂಬವರು, 2009ರಲ್ಲಿ ಅಲ್ಲಿನ ಕದನದಿಂದ ಸತ್ತ ಇಬ್ಬರು ಸೈನಿಕರಾದ ಬೆಂಜಮಿನ್ ಕಾಪ್ ಮತ್ತು ಜೋಸೆಫ್ ಎಚೆಲ್ಸ್ ಹೆಸರನ್ನು ಅದಕ್ಕೆ ಇಟ್ಟರು. ನೋಡಲು ಚೆಂದವಾಗಿ ಕಾಣುವ ಆ ಬಳೆ ಎಂದರೆ ರೆಕ್ಕೆ ಸವೆಯುತ್ತಿದೆ ಎಂದೇ ಅರ್ಥ. ರೆಕ್ಕೆಯಷ್ಟೇ ಅಲ್ಲ, ಇಂಜಿನ್ನಿನ ಒಳಗಿನ ಸಣ್ಣ ಅಲಗುಗಳೂ ಸವೆಯುತ್ತವೆ. ಎಂಐ-17ರ ಇಂಜಿನ್ ಬಾಯಿಗೆ ಅಣಬೆಯಂಥ ಟೋಪಿ ಇರುವುದು ಧೂಳನ್ನು ಬದಿಗೆ ಎಸೆಯಲಿಕ್ಕೆ. ಅಂಥ ಏರ್ಪಾಟು ಇಲ್ಲದ ಇಂಜಿನ್ನಿಗೆ ನಿಮ್ಮ ಮೈದಾನದ ಒಂದು ಇಳಿತ ಎಷ್ಟು ಗಂಟೆಯ ಆಯುಸ್ಸು ತಿಂದಿತು ಎಂದು ಆ ದಿನ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಪ್ಲಾಸ್ಟಿಕ್ ಲಾಳಿಕೆ. ಆ ಇಂಜಿನಿಯರ್ ಕೂಗಾಡಿದ್ದು ನಿಮ್ಮ ಹುಡುಗನಿಗೆ ನೋವಾಗಿರುತ್ತದೆ, ಸಹಾಯಕ್ಕೆ ಹೋದವನು ಪಾಪ. ಆದರೆ ಅವರ ಜಾಗದಲ್ಲಿ ನಾನಿದ್ದರೂ ಕೂಗುತ್ತಿದ್ದೆ. ಹೆಲಿಕಾಪ್ಟರಿಗೆ ಹಾಕುವ ಎಟಿಎಫ್ ಸೀಮೆಎಣ್ಣೆಯ ಜಾತಿಯದು. ಅದರಿಂದ ಹೊತ್ತಿಕೊಳ್ಳುವಷ್ಟು ಆವಿ ಏಳುವುದು 38 ಡಿಗ್ರಿಗೆ ಅಥವಾ ಅದಕ್ಕೂ ಮೇಲೆ. ಫೆಬ್ರುವರಿಯಲ್ಲಿ ಗಾಳಿಗೆ ಅಷ್ಟು ಬಿಸಿ ಇಲ್ಲ ನಿಜ, ಆದರೆ ಬಿಸಿಲಿನಲ್ಲಿ ಬೆಳಿಗ್ಗೆಯಿಂದ ಬೇಯುತ್ತಿರುವ ಬ್ಯಾರಲ್ ಮುಟ್ಟಿ ನೋಡಿದ್ದೀರಾ? ಏಪ್ರಿಲ್‌ನಲ್ಲಂತೂ ಪುಣೆಯ ಗಾಳಿಯೇ 40 ಡಿಗ್ರಿಯ ಹತ್ತಿರ ಬರುತ್ತದೆ. ಆವಿ ಮತ್ತು ಗಾಳಿ ಹದವಾಗಿ ಬೆರೆತಾಗ ಹೊತ್ತಿಸಲು 0.25 ಮಿಲಿಜೂಲ್ ಕಿಡಿ ಸಾಕು. ಮನುಷ್ಯನ ಬೆರಳಿಗೆ ಚುರುಕ್ ಎಂದು ಗೊತ್ತಾಗಲು ಮೈಮೇಲೆ ಸುಮಾರು 3,000 ವೋಲ್ಟ್ ಇರಬೇಕು, ಆ ಕಿಡಿಯಲ್ಲೇ ಅದರ ಎರಡೂವರೆ ಪಟ್ಟು ಶಕ್ತಿ ಇರುತ್ತದೆ. ನಮಗೆ ಏನೂ ಅನ್ನಿಸದ ಕಿಡಿಯೂ ಆವಿಗೆ ಸಾಕು ಎಂದಾಯಿತು.

ಎಣ್ಣೆ ಹರಿಯುವುದೂ ಉಜ್ಜುವುದೇ. ಪೈಪಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಫಿಲ್ಟರಿನಲ್ಲಿ, ಹರಿಯುತ್ತ ಅದು ಚಾರ್ಜ್ ಹೊತ್ತುಕೊಳ್ಳುತ್ತದೆ. ಅದು ಬೇಗ ಇಳಿಯಲಿ ಎಂದೇ ಎಟಿಎಫ್‌ಗೆ ಲೀಟರಿಗೆ ಕೆಲವು ಮಿಲಿಗ್ರಾಂ ಲೆಕ್ಕದಲ್ಲಿ ಒಂದು ರಾಸಾಯನಿಕ ಬೆರೆಸುತ್ತಾರೆ. ಅದಿದ್ದರೂ ಇಳಿಯಲು ದಾರಿ ಬೇಕು. ಕಬ್ಬಿಣದ ಲಾಳಿಕೆ ಟ್ಯಾಂಕಿನ ಅಂಚಿಗೆ ತಾಗಿದರೆ ದಾರಿ ಆಯಿತು. ಪ್ಲಾಸ್ಟಿಕ್ ಲಾಳಿಕೆಯಲ್ಲಿ ಚಾರ್ಜ್ ಕೂತಲ್ಲೇ ಕೂತಿರುತ್ತದೆ, ಅದೂ ಆವಿ ಏಳುವ ಟ್ಯಾಂಕಿನ ಬಾಯಿಯಲ್ಲೇ. ಪ್ಲಾಸ್ಟಿಕ್ ಕ್ಯಾನ್, ಪ್ಲಾಸ್ಟಿಕ್ ಬಕೆಟ್ ಎಲ್ಲ ಹೀಗೇ. ನಿಮ್ಮ ಹುಡುಗನ ಮೈಮೇಲೆ ನೈಲಾನ್ ಜಾಕೆಟ್ ಇದ್ದಿದ್ದರೆ ಅದೂ ದೂರ ಇರಬೇಕಾದದ್ದೇ, ಹತ್ತಿಯ ಬಟ್ಟೆ ಒಳ್ಳೆಯದು. ಕ್ರಮ ಹೀಗಿರುತ್ತದೆ: ಬ್ಯಾರಲ್‌ನಿಂದ ಮಣ್ಣಿನ ಸಲಾಕೆಗೆ ಒಂದು ತಂತಿ, ಬ್ಯಾರಲ್‌ನಿಂದ ಹೆಲಿಕಾಪ್ಟರಿಗೆ ಒಂದು ತಂತಿ, ನಳಿಕೆಯ ಕ್ಲಿಪ್ ಹೆಲಿಕಾಪ್ಟರಿಗೆ. ಇವೆಲ್ಲ ಆದ ಮೇಲೆಯೇ ಟ್ಯಾಂಕಿನ ಮುಚ್ಚಳ ತೆರೆಯುವುದು. ಮುಗಿಸುವಾಗ ಉಲ್ಟಾ, ಮೊದಲು ಮುಚ್ಚಳ ಹಾಕಿ ಆಮೇಲೆ ತಂತಿ ತೆಗೆಯುವುದು. ಕ್ಲಿಪ್ ಹಾಕುವಾಗ ಕಿಡಿ ಹಾರಿದರೂ ಆಗ ಆವಿ ಹೊರಗಿರುವುದಿಲ್ಲ, ಗುಟ್ಟು ಇಷ್ಟೇ. ಬಣ್ಣ ಬಳಿದ ಭಾಗಕ್ಕೆ ಕ್ಲಿಪ್ ಕಚ್ಚಿಸಿದರೆ ಉಪಯೋಗವಿಲ್ಲ, ಬಣ್ಣ ಕರೆಂಟ್ ಹಾಯಲು ಬಿಡುವುದಿಲ್ಲ. ಈ ಕೆಲಸ ಅವರ ಜನರೇ ಮಾಡಲಿ. ನಿಮ್ಮಿಂದ ಆಗುವ ಸಹಾಯ ಎಂದರೆ ಬ್ಯಾರಲ್‌ಗಳನ್ನು ಹಿಂದಿನ ಸಂಜೆಯಿಂದಲೇ ನೆರಳಿನಲ್ಲಿಡುವುದು, ಸಲಾಕೆ ಹೊಡೆಯಬೇಕಾದ ಜಾಗಕ್ಕೆ ನಾಲ್ಕು ಕೊಡ ನೀರು ಸುರಿದು ನೆನೆಸಿಡುವುದು. ಒಣ ಮಣ್ಣಿಗೆ ಹೊಡೆದ ಸಲಾಕೆ ಹೆಸರಿಗೆ ಮಾತ್ರ ಅರ್ಥಿಂಗ್.

ಕೊನೆಗೆ ನೀರಿನ ಹೊತ್ತು. ನಿಮ್ಮ ತಪ್ಪೆಂದರೆ ಇದೊಂದೇ, ಅದೂ ಪೂರ್ತಿ ನಿಮ್ಮದಲ್ಲ. ಫೆಬ್ರುವರಿಯ ಶಿರೂರಿನ ಒಣ ಗಾಳಿಯಲ್ಲಿ ಎಂಟು ಗಂಟೆಗೆ ಹೊಡೆದ ನೀರು ಹನ್ನೊಂದೂವರೆಗೆ ಮೇಲ್ಪದರದಲ್ಲಿ ಉಳಿದಿರುವುದಿಲ್ಲ, ಧೂಳಾಗಿ ಏಳುವುದು ಆ ಮೇಲ್ಪದರವೇ. ಮುಂಬೈ ಗಾಳಿಯಲ್ಲೇ ದಿನವಿಡೀ ಕೆಲಸ ಮಾಡಿದವರಿಗೆ ಇದು ಹೊಳೆಯುವುದಿಲ್ಲ, ಹೆಲಿಕಾಪ್ಟರ್‌ಗಳು ಹೊರಡುವ ಮುಂಬೈಯ ಜುಹೂ ವಿಮಾನ ನಿಲ್ದಾಣದ ನೆಲ ಸಮುದ್ರದ ತೇವ ಕುಡಿದೇ ಇರುತ್ತದೆ. ನೀವು ಹಿಂದಿನ ಸಂಜೆ ಆಳವಾಗಿ ನೆನೆಸಿ, ರಾತ್ರಿಯೆಲ್ಲ ಇಂಗಲಿ. ಬೆಳಿಗ್ಗೆ ಒಂದು ಸುತ್ತು. ಕಡೆಯ ಸುತ್ತು ಇಳಿಯುವುದಕ್ಕೆ ಇಪ್ಪತ್ತು ನಿಮಿಷ ಮೊದಲು, ತುಂತುರಾಗಿ, ಕೆಸರಾಗದಂತೆ. ಕರಿಮಣ್ಣಿನಲ್ಲಿ ಚಕ್ರ ಹೂತುಕೊಂಡರೆ ಮೇಲೇಳುವಾಗ ಇನ್ನೊಂದು ಅಪಾಯ. ಧ್ರುವದಷ್ಟು ದೊಡ್ಡದಕ್ಕೆ ನಾನು ನಡುವಿನಿಂದ ನಾಲ್ಕೂ ಕಡೆ 30 ಮೀಟರ್‌ಗೆ ಕಡಿಮೆ ನೆನೆಸಿದ್ದಿಲ್ಲ, ಎಚ್ ಗುರುತಿನ ವೃತ್ತಕ್ಕೆ ಮಾತ್ರ ನೀರು ಹೊಡೆದರೆ ಅದರಾಚೆಯ ಧೂಳು ಸುರುಳಿಯಾಗಿ ಒಳಗೇ ಬರುತ್ತದೆ. ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕಾರ್ಯಕ್ರಮದವರನ್ನು ಕೇಳಬೇಡಿ, ಅವರಿಗೂ ಗೊತ್ತಿರುವುದಿಲ್ಲ. ಹೆಲಿಕಾಪ್ಟರ್ ಕಂಪನಿಯ ನೆಲದ ಸಿಬ್ಬಂದಿಯೊಬ್ಬರ ನಂಬರ್ ಇಟ್ಟುಕೊಂಡು, ಜುಹೂದಿಂದ ಮೇಲೆದ್ದ ಕೂಡಲೇ ಫೋನ್ ಮಾಡಲು ಹೇಳಿ. ಅಲ್ಲಿಂದ ಶಿರೂರಿನ ಕಡೆಗೆ ಮುಕ್ಕಾಲು ಗಂಟೆಯ ಹಾರಾಟ. ಫೋನ್ ಬಂದ ಮೇಲೆ ಟ್ಯಾಂಕರ್ ಸ್ಟಾರ್ಟ್ ಮಾಡಿದರೂ ಕಡೆಯ ಸುತ್ತು ಮುಗಿಸಿ, ಟ್ಯಾಂಕರನ್ನು ಕಾಂಪೌಂಡಿನ ಆಚೆಗೆ ಒಯ್ದು ನಿಲ್ಲಿಸಲು ನಿಮಗೆ ಸಮಯ ಸಿಗುತ್ತದೆ.